ಗೋಡೆಗೆ ಹೊಚ್ಚಿದ ಕೌದಿ

ಶಹಾಪುರದ ನಮ್ಮ ಮನೆಯ ತಲೆಬಾಗಿಲು ದಾಟಿದ ಕೂಡಲೆ ಎದುರಿಗೆ ಸಿಗುವುದು ಪಡಸಾಲೆಯ ಗೋಡೆ. ಕಲ್ಲಿನ ಗೋಡೆ, ಮೇಲೆ ಸುಣ್ಣದ ಗಿಲಾವು. ಹತ್ತು ಮಂದಿ ಸಾಲಾಗಿ ಬೆನ್ನು ಹಚ್ಚಿ ಕುಳಿತರೂ ಇನ್ನಷ್ಟು ಜಾಗ ಉಳಿಯುತ್ತದೆ. ಬೇರೆಯವರ ಮನೆಗಳಲ್ಲಿ ಅಂಥ ಕಡೆ ಟಿವಿ ಇರುತ್ತದೆ, ಇಲ್ಲವೇ ತೀರಿಹೋದ ಮುತ್ಯಾನ ಫೋಟೊ ಇರುತ್ತದೆ. ನಮ್ಮ ಮನೆಯಲ್ಲಿ ಅಲ್ಲಿ ಇದ್ದದ್ದು ನನ್ನ ಮದುವೆ.

ನಮ್ಮ ಕಡೆ ಮದುವೆಗೆ ಗೋಡೆ ಬರೆಸುವುದು ಹಳೆಯ ರೂಢಿ. ಸುಣ್ಣ ಬಳಿದು, ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆದು, ನಡುವೆ ಗಣಪತಿ, ಎರಡೂ ಬದಿಗೆ ಬಾಳೆಗಿಡ, ಗಿಳಿ, ಅದರ ಕೆಳಗೆ ಹುಡುಗ ಹುಡುಗಿಯ ಹೆಸರು, ಮದುವೆಯ ದಿನ. ಈಗ ಎಲ್ಲರೂ ಫ್ಲೆಕ್ಸ್ ಕಟ್ಟಿಸುತ್ತಾರೆ. ನಮ್ಮಪ್ಪನಿಗೆ ಫ್ಲೆಕ್ಸ್ ಕಂಡರಾಗದು. ಮದುವೆಯ ಮರುದಿನವೇ ಅದನ್ನು ಕಿತ್ತು ಜೋಳದ ಕಣಕಿ ಬಣವೆಗೆ ಹೊಚ್ಚುತ್ತಾರೆ, ಅದೆಂಥ ಮರ್ಯಾದೆ ಎನ್ನುತ್ತಾನೆ. ಅದಕ್ಕೇ ನನ್ನ ಮದುವೆಗೆ ಸುರಪುರದಿಂದ ಪೇಂಟರ್ ಮಾಮಾನನ್ನು ಕರೆಸಿದ. ನಮ್ಮಪ್ಪ ಅವ್ವನ ಮದುವೆ ಬರೆದದ್ದೂ ಅದೇ ಕೈ. ಸಾಮಾನ್ಯವಾಗಿ ಇದನ್ನು ನೀರಿನಲ್ಲಿ ಕಲಸಿದ ಬಣ್ಣದಲ್ಲಿ ಬರೆಯುತ್ತಾರೆ. ನಾಲ್ಕಾರು ವರ್ಷಕ್ಕೆ ತಾನಾಗಿಯೇ ಮಾಸುತ್ತದೆ. ಅಪ್ಪ ಹಟ ಹಿಡಿದ.

“ಆಯಿಲ್ ಪೇಂಟಿನಾಗ ಬರಿ. ದೊಡ್ಡ ಮಗಳ ಮದಿವಿ ಅದ. ನಾ ಸತ್ತರೂ ಅಳಸಬಾರ್ದು.”

“ಸಾವ್ಕಾರ್ರ, ಸುಣ್ಣದ ಗ್ವಾಡಿಗಿ ಆಯಿಲ್ ಪೇಂಟ್ ಬ್ಯಾಡ್ರಿ,” ಎಂದ ಮಾಮಾ. “ಮುಂದ ತೆಗೀಬೇಕಂದ್ರ ಗ್ವಾಡೀನ ಕೆತ್ತಬೇಕಾಗ್ತದ.”

“ತೆಗಿಯೂದು ಯಾಕ ಬರ್ತದ?”

ಮಾಮಾ ಡಬ್ಬಿಯ ಮುಚ್ಚಳ ಬಿಚ್ಚಿದ. ಎರಡು ದಿನ ಕುಳಿತು ಬರೆದ. ಗಿಳಿಗಳ ಹಸಿರು, ಹೆಸರುಗಳ ಕೆಂಪು, ಎಲ್ಲ ಮಿರಮಿರ ಮಿಂಚುತ್ತಿತ್ತು. ಮದುವೆಗೆ ಬಂದವರು ವಧುವಿಗಿಂತ ಗೋಡೆಯನ್ನೇ ಹೆಚ್ಚು ಹೊಗಳಿದರು.

ನನ್ನನ್ನು ಯಾದಗಿರಿಗೆ ಕೊಟ್ಟಿದ್ದರು. ಆತ ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ದಿನಾ ಮುಂಜಾನೆ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಕೀಲಿ ಹಾಕಿಕೊಂಡು ಹೋಗುತ್ತಿದ್ದ, ಅಷ್ಟೇ. ಮೊದಮೊದಲು ಮರೆತು ಹಾಕಿರಬೇಕು ಅಂದುಕೊಂಡೆ. ಆಮೇಲೆ ಕೇಳಿದೆ. “ನಿನ್ನ ಸಲುವಾಗೇ,” ಎಂದ. ಹನ್ನೊಂದು ತಿಂಗಳು ಕಿಟಕಿಯಿಂದ ತರಕಾರಿ ಕೊಂಡೆ. ಒಂದು ದಿನ ಮಗ್ಗುಲ ಮನೆಯಾಕೆ ಸತ್ತಳು. ಮಣ್ಣಿಗೆ ಹೋಗಲು ಆಗಲಿಲ್ಲ, ಒಳಗೇ ನಿಂತು ಅತ್ತೆ. ಮುಂದಿನ ಅಮಾವಾಸ್ಯೆಗೆ ತವರಿಗೆ ಬಂದವಳು ಮರಳಿ ಹೋಗಲಿಲ್ಲ. ಹೊಡೆತದ ಗಾಯ ಇದ್ದಿದ್ದರೆ ತೋರಿಸಬಹುದಿತ್ತು. ಕೀಲಿಯನ್ನು ಯಾರಿಗೆ ತೋರಿಸುವುದು? ಅವ್ವ ಸಹ ಮೊದಲ ವರ್ಷ, “ಮನಿ ಕೀಲಿ ಹಾಕಿದ್ರ ಕಳ್ಳರ ಅಂಜಿಕಿ ಇಲ್ಲಲ್ಲ,” ಎಂದಿದ್ದಳು. ಅದನ್ನು ನಾನು ಇನ್ನೂ ಮರೆತಿಲ್ಲ. ಮರೆಯುವ ಜಾಯಮಾನ ನನ್ನದಲ್ಲ.

ಹೀಗೆ ನಾನು ಮರಳಿ ಬಂದರೂ ಗೋಡೆಯ ಮೇಲೆ ನಾವಿಬ್ಬರೂ ಗಿಳಿಗಳ ನಡುವೆ ಸುಖವಾಗಿಯೇ ಇದ್ದೆವು. ನಮ್ಮಲ್ಲಿ ಮದುವೆಯ ಬರಹವನ್ನು ಯಾರೂ ಕೈಯಾರೆ ಅಳಿಸುವುದಿಲ್ಲ. ಅದೇ ಮನೆಯಲ್ಲಿ ಮುಂದಿನ ಮದುವೆ ಕೂಡಿಬಂದಾಗ ಅದರ ಮೇಲೇ ಸುಣ್ಣ ಬಳಿದು ಹೊಸದನ್ನು ಬರೆಸಬೇಕು. ನಡುವೆ ಅಳಿಸಿದರೆ ಹಣೆಯ ಕುಂಕುಮ ಅಳಿಸಿದಂತೆ ಎನ್ನುತ್ತಾರೆ. ನಾನು ಊರಲ್ಲೇ ಒಂದು ಖಾಸಗಿ ಶಾಲೆಗೆ ಸೇರಿ, ಸಂಜೆ ಪಡಸಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಒಂದನೇ ತರಗತಿಯ ಮಕ್ಕಳು ಅಕ್ಷರ ಕೂಡಿಸಿ ಓದುವುದನ್ನು ಕಲಿತದ್ದು ಆ ಗೋಡೆಯ ಮೇಲೆ. ನನ್ನ ಹೆಸರು, ಅವನ ಹೆಸರು, ಗಟ್ಟಿಯಾಗಿ, ರಾಗವಾಗಿ. ನಾನು ತಪ್ಪು ತಿದ್ದುತ್ತಿದ್ದೆ.

ಐದು ವರ್ಷ ಹೀಗೆ ಹೋಯಿತು. ಕೋರ್ಟಿನ ಕಾಗದ ಕೈಗೆ ಬಂದ ವಾರ ಅಪ್ಪ, ಅವ್ವ, ತಂಗಿ ಮೂವರೂ ನಾರಾಯಣಪುರಕ್ಕೆ ನೆಂಟರ ಮನೆಗೆ ಹೋಗಿದ್ದರು. ಭಾನುವಾರ. ಬಜಾರಿಗೆ ಹೋಗಿ ಒಂದು ಡಬ್ಬಿ ಬಿಳಿ ಡಿಸ್ಟೆಂಪರ್, ಒಂದು ಅಗಲ ಬ್ರಷ್ ತಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಏಣಿ ಹಚ್ಚಿ, ಒಂದು ಮೂಲೆಯಿಂದ ಬಳಿಯುತ್ತ ಬಂದೆ. ಮೊದಲು ಅವನ ಹೆಸರು ಹೋಯಿತು, ಆಮೇಲೆ ಗಣಪತಿ, ಆಮೇಲೆ ನಾನು. ಎರಡು ಸಲ ಬಳಿದೆ. ಸುಳ್ಳೇಕೆ ಹೇಳಲಿ, ಅಷ್ಟು ಸುಖ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಸಂಜೆ ಬಂದ ಅವ್ವ ಹೊಸ್ತಿಲಲ್ಲೇ ನಿಂತಳು. ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು.

“ಏನ್ ಮಾಡಿದ್ಯೇ ಯವ್ವಾ! ಮನ್ಯಾಗ ಇನ್ನೊಂದು ಹೆಣ್ಣಮಗಳು ಅದಾಳಲ್ಲ. ಅಕೀ ಹೆಸರು ಬರಸೂತನಾ ತಡಕೊಳ್ಳಾಕ ಆಗ್ತಿದ್ದಿಲ್ಲ ನಿನಗ?”

ಅವ್ವನ ಹಿಂದೆ ತಂಗಿ ನಿಂತಿದ್ದಳು. ಅವಳು ಗೋಡೆ ನೋಡಲಿಲ್ಲ, ನನ್ನ ಮುಖ ನೋಡಿದಳು. ಆಗ ನನಗೆ ಮೊದಲ ಸಲ ಅಂಜಿಕೆ ಆಯಿತು. ಅದು ಮುಂದೆ ಆರು ತಿಂಗಳು ಹೋಗಲೇ ಇಲ್ಲ.

ಯಾಕೆಂದರೆ ಬರಹ ಇದ್ದಾಗ ಯಾರೂ ಏನೂ ಕೇಳುತ್ತಿರಲಿಲ್ಲ. ಬರಿ ಗೋಡೆ ಎಲ್ಲರ ಬಾಯಿ ಬಿಡಿಸಿತು. ಹಾಲಿನವಳು ಕೇಳಿದಳು. ಗ್ಯಾಸಿನವನು ಕೇಳಿದ. “ತಂಗೀದು ಫಿಕ್ಸ್ ಆತೇನ್ರಿ?” ಎಂದರು ಓಣಿಯವರು, ಇಲ್ಲ ಎಂದಾಗ ಒಂದು ಗಳಿಗೆ ಗೋಡೆ ನೋಡಿ, ಒಂದು ಗಳಿಗೆ ನನ್ನನ್ನು ನೋಡಿ, ಚಹಾ ಕುಡಿದು ಎದ್ದರು. ಮದುವೆಯಿಲ್ಲದೆ ಬೆಳ್ಳಗಾದ ಗೋಡೆ ಎಂದರೆ ಮುರಿದ ಮದುವೆ, ಅದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು.

ಸಂಕ್ರಾಂತಿಗೆ ಮುಂಚೆ ತಂಗಿಗೆ ಒಂದು ಸಂಬಂಧ ಬಂತು. ಯಾದಗಿರಿ ಹತ್ತಿರದ ಮುದನಾಳದವರು. ಹೊಲಮನೆ ಇದ್ದವರು, ಹುಡುಗ ಯಾದಗಿರಿಯಲ್ಲಿ ಬೀಜ ಗೊಬ್ಬರದ ಅಂಗಡಿ ನಡೆಸುತ್ತಿದ್ದ. ತಂಗಿಗೆ ಮನಸ್ಸಾಗಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮೊಬೈಲಿನಲ್ಲಿ ಬಂದಿದ್ದ ಹುಡುಗನ ಫೋಟೊವನ್ನು ದೊಡ್ಡದು ಮಾಡಿ, ಅವನ ಕಿವಿಯನ್ನೂ ಅಂಗಿಯ ಗುಂಡಿಯನ್ನೂ ನೋಡುತ್ತಿದ್ದುದನ್ನು ನಾನು ಕಂಡಿದ್ದೆ. ನಡುವಿನವರು ಫೋನಿನಲ್ಲಿ ದೊಡ್ಡ ಮಗಳ ಬಗ್ಗೆ ಕೇಳಿದರು. ಅಪ್ಪ ಒಂದು ಸಲ ಕೆಮ್ಮಿ, “ದೊಡ್ಡಾಕಿನ್ನ ಯಾದಗಿರಿಗೆ ಕೊಟ್ಟೇವ್ರಿ,” ಎಂದ. ಮುಂದೇನೂ ಹೇಳಲಿಲ್ಲ. ಫೋನು ಇಟ್ಟ ಮೇಲೆ ನನ್ನ ಕಡೆ ನೋಡದೆ, “ನಾ ಏನ್ ಸುಳ್ಳು ಹೇಳ್ಲಿಲ್ಲಲ್ಲ,” ಎಂದ.

ಅವರು ಹೆಣ್ಣು ನೋಡಲು ಬರುವುದು ಹತ್ತು ದಿನದ ಮೇಲೆ ಎಂದು ನಿಕ್ಕಿಯಾಯಿತು. ಅಂದರೆ ಹತ್ತು ದಿನದಲ್ಲಿ ಆ ಗೋಡೆಗೆ ಏನಾದರೂ ಮಾಡಬೇಕು. ತಪ್ಪು ನನ್ನದು, ಮಾಡಬೇಕಾದವಳೂ ನಾನೇ. ಮಾಡಿದ್ದುಣ್ಣೋ ಮಹಾರಾಯ.

ಮೊದಲು ಬಜಾರಿನಿಂದ ಗೋಡೆಗೆ ಅಂಟಿಸುವ ಒಂದು ದೊಡ್ಡ ಚಿತ್ರ ತಂದೆ. ಮರ, ಕೊಂಬೆ, ಕೊಂಬೆಯಿಂದ ಹಾರುವ ಹಕ್ಕಿಗಳು. ನಾನೂ ತಂಗಿಯೂ ಅರ್ಧ ದಿನ ಕುಳಿತು ಎಲೆ ಎಲೆಯಾಗಿ ಅಂಟಿಸಿದೆವು. ಡಿಸ್ಟೆಂಪರಿನ ಪುಡಿ ಅದನ್ನು ಹಿಡಿಯಲಿಲ್ಲ. ಮರುದಿನ ಮುಂಜಾನೆ ಎದ್ದು ನೋಡಿದರೆ ಮರ ಸೊಂಟ ಬಗ್ಗಿಸಿ ನಿಂತಿತ್ತು, ಹಕ್ಕಿಗಳೆಲ್ಲ ನೆಲದ ಮೇಲೆ. ತಂಗಿ ನಕ್ಕಳು. ನನಗೆ ನಗು ಬರಲಿಲ್ಲ, ಯಾಕೆಂದರೆ ಕಿತ್ತುಬಂದ ಮರದ ಜೊತೆ ಬಿಳಿ ಬಣ್ಣವೂ ಎದ್ದು ಬಂದಿತ್ತು. ಅಲ್ಲಿ ಹಸಿರು ಕಾಣುತ್ತಿತ್ತು.

“ಗಿಳಿ ಬಾಲ ಬಂತಲ್ಲೇ!” ಎಂದು ಅವ್ವ ಕೂಗಿದಳು.

ಪೇಂಟರ್ ಮಾಮಾ ಹೇಳಿದ್ದು ಆಗ ನೆನಪಾಯಿತು. ಎಣ್ಣೆ ಬಣ್ಣವನ್ನು ಕೆತ್ತಿಯೇ ತೆಗೆಯಬೇಕು, ಅದರ ಮೇಲೆ ನೀರಿನ ಬಣ್ಣ ಕಚ್ಚುವುದಿಲ್ಲ. ಬರಿಯ ಗೋಡೆಯ ಮೇಲೆಲ್ಲ ಡಿಸ್ಟೆಂಪರ್ ಗಟ್ಟಿಯಾಗಿಯೇ ಇತ್ತು. ಅಕ್ಷರ ಇದ್ದ ಕಡೆ ಮಾತ್ರ ಒಣಗಿ, ಬಿರಿದು, ಹಪ್ಪಳದಂತೆ ಎದ್ದು ನಿಂತಿತ್ತು. ಮುಂಜಾನೆಯ ಬಿಸಿಲು ಬಾಗಿಲಿನಿಂದ ಅಡ್ಡ ಬಿದ್ದಾಗ ಹತ್ತಿರ ಹೋಗಿ ನೋಡಿದೆ. ನನ್ನ ಹೆಸರು ಬಿಳಿಯ ಒಳಗೆ ಉಬ್ಬಿಕೊಂಡು ನಿಂತಿತ್ತು. ಮತ್ತೆ ಬಳಿದೆ. ಎರಡನೇ ದಿನ ಮತ್ತೆ ಬಿರಿಯಿತು. ಇನ್ನೂ ದಪ್ಪಗೆ ಬಳಿದೆ. ಇನ್ನೂ ದೊಡ್ಡ ಹಪ್ಪಳ ಎದ್ದಿತು. ಶಾಲೆಯಲ್ಲಿ ಪಾಠ ಹೇಳುವಾಗಲೂ ನನ್ನ ಲಕ್ಷ್ಯ ಗೋಡೆಯ ಮೇಲೆಯೇ. ಈಗ ಎಷ್ಟು ಉದುರಿತೋ, ಯಾರು ಬಂದರೋ, ಯಾರು ಓದಿದರೋ. ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲು ಗೋಡೆ ನೋಡುತ್ತಿದ್ದೆ, ನೆಲದ ಮೇಲಿನ ಬಿಳಿ ಚಕ್ಕೆಗಳನ್ನು ಯಾರೂ ಕಾಣದ ಹಾಗೆ ಸೆರಗಿನಲ್ಲಿ ಬಳಿದುಕೊಳ್ಳುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಅವನು ಕೀಲಿ ಹಾಕಿದಾಗಲೂ ನನಗೆ ಇಷ್ಟು ಅಂಜಿಕೆ ಆಗಿರಲಿಲ್ಲ. ಆಗ ಹಾಳಾಗುತ್ತಿದ್ದದ್ದು ನನ್ನೊಬ್ಬಳದೇ ಬಾಳು.

ಕನ್ನಡಿ, ದೇವರ ಪಟ, ಕ್ಯಾಲೆಂಡರು ತೂಗುಹಾಕೋಣ ಎಂದು ಅಪ್ಪ ಮೊಳೆ ಹೊಡೆಯಲು ಹೋದ. ಕಲ್ಲಿನ ಗೋಡೆ, ನಾಲ್ಕು ಮೊಳೆ ಸೊಟ್ಟಗಾದವು, ಐದನೆಯದರ ಪೆಟ್ಟು ಅವನ ಹೆಬ್ಬೆರಳಿಗೆ ಬಿತ್ತು. ಅಪ್ಪ ಬೆರಳು ಬಾಯಲ್ಲಿಟ್ಟುಕೊಂಡು ಕೂತ. “ಆಯಿಲ್ ಪೇಂಟಿನಾಗ ಬರಿ ಅಂದವ ನಾನ,” ಎಂದ ಮೆಲ್ಲಗೆ. ಅಷ್ಟು ವರ್ಷದಲ್ಲಿ ಅಪ್ಪ ತನ್ನ ಪಾಲಿನದು ಎಂದು ಒಪ್ಪಿಕೊಂಡದ್ದು ಅದೊಂದೇ.

ಅವರು ಬರುವ ಹಿಂದಿನ ದಿನ ನನಗೆ ಕೌದಿ ಹೊಳೆಯಿತು. ಗೋಡೆಯ ಮೇಲ್ಗಡೆ ಹಳೆಯ ಕಾಲದ ಎರಡು ಕಟ್ಟಿಗೆಯ ಗೂಟಗಳಿದ್ದವು. ಅವುಗಳ ಮೇಲೆ ಬಿದಿರು ಅಡ್ಡ ಇಟ್ಟು, ತೀರಿಹೋದ ನಮ್ಮ ಆಯಿ, ಅಪ್ಪನ ಅವ್ವ, ಹೊಲಿದ ದೊಡ್ಡ ಕೌದಿಯನ್ನು ಟ್ರಂಕಿನಿಂದ ತೆಗೆದು ಇಳಿಬಿಟ್ಟೆ. ಆಯಿಯ ಸೀರೆಗಳು, ಅವಳ ಅವ್ವನ ಸೀರೆಗಳು, ಅಪ್ಪನ ಸಣ್ಣಂದಿನ ಅಂಗಿ, ಎಲ್ಲ ಚೌಕ ಚೌಕ ಕತ್ತರಿಸಿ ಕೂಡಿಸಿದ್ದು. ಹೆಸರುಗಳು ಪೂರ್ತಿ ಮುಚ್ಚಿದವು. ಮೊಬೈಲಿನಲ್ಲಿ ದೊಡ್ಡ ಊರಿನ ಮನೆಗಳ ಚಿತ್ರ ನೋಡಿದ್ದೆ. ಅಲ್ಲಿ ಕೌದಿಯನ್ನು ಹೀಗೇ ಗೋಡೆಗೆ ಹಾಕಿ ಚಂದ ಮಾಡಿರುತ್ತಾರೆ. ದೂರ ನಿಂತು ನೋಡಿದೆ. ಖರೇ ಚಂದ ಕಾಣುತ್ತಿತ್ತು. ತಂಗಿ, “ಅಕ್ಕಾ, ಇದು ಮೊದಲ ಯಾಕ ಹೊಳೀಲಿಲ್ಲ ನಿನಗ?” ಎಂದಳು. ಅವ್ವ ಮಾತ್ರ ಬಾಗಿಲಲ್ಲಿ ನಿಂತು, “ಕೌದಿ ಯಾರರೆ ಗ್ವಾಡಿಗಿ ಹಾಕ್ತಾರೇನ? ನೋಡಿದವರು ಏನಂದಾರು,” ಎಂದು ಗೊಣಗಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಮುಂಜಾನೆ ಅವ್ವ ಅಡುಗೆಮನೆಗೆ ಕರೆದು, ಒಂದು ಸಣ್ಣ ಡಬ್ಬಿಯಿಂದ ನನ್ನ ತಾಳಿ ತೆಗೆದಳು.

“ಒಂದು ದಿನದ ಮಾತು. ತಂಗಿ ಸಲುವಾಗಿ.”

ಸಿಟ್ಟು ನೆತ್ತಿಗೇರಿತು. ಆದರೆ ಹಿಂದಿನ ಕೋಣೆಯಲ್ಲಿ ತಂಗಿ ಸೀರೆಯ ನೆರಿಗೆ ಮೂರನೇ ಸಲ ಬಿಚ್ಚಿ ಉಡುತ್ತಿದ್ದಳು. ಕೊರಳು ಬಗ್ಗಿಸಿದೆ. ಅವ್ವ ಹಾಕಿದಳು. ಹಾಕಿ, ಸೆರಗು ಸರಿಸಿ ಅದು ಎದ್ದು ಕಾಣುವ ಹಾಗೆ ಮಾಡಿದಳು.

ಅವರು ಐದು ಮಂದಿ ಬಂದರು. ಹುಡುಗ, ಅವನ ತಂದೆ ತಾಯಿ, ನಡುವಿನವರು, ಮತ್ತು ಹುಡುಗನ ಆಯಿ. ಆ ಮುದುಕಿ ಒಣಗಿದ ಬದನೆಗಿಡದಂತೆ ಬಡಕಲು, ಆದರೆ ಕಣ್ಣು ಚುರುಕು. ಒಳಗೆ ಬಂದವಳೇ ಎಲ್ಲರಂತೆ ಗೋಡೆಯ ಕಡೆ ನೋಡಿದಳು. ನೋಡಿ, ಅದರ ಎದುರಿಗೇ ಚಾಪೆಯ ಮೇಲೆ ಕುಳಿತಳು. ಚುರುಮುರಿ ಸುಸಲಾ, ಮಿರ್ಚಿಭಜಿ ಕೊಟ್ಟೆವು, ತಿಂದರು. ಸಜ್ಜಕದ ತಾಟು ಇಟ್ಟೆವು. ಅದನ್ನು ಯಾರೂ ಮುಟ್ಟಲಿಲ್ಲ. ಮಾತು ಕೂಡುವ ತನಕ ಸಿಹಿ ತಿನ್ನುವುದು ತಮ್ಮ ಮನೆಯ ಪದ್ಧತಿಯಲ್ಲ ಎಂದು ಹುಡುಗನ ತಾಯಿ ಹೇಳಿದಳು. ಹುಡುಗ ತಂಗಿಯನ್ನು ಎರಡು ಸಲ ನೋಡಿದ, ಅವಳು ಒಂದು ಸಲ. ಇನ್ನೇನು ಎಲ್ಲ ಸರಿಹೋಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಮುದುಕಿ ಎಂದಳು:

“ಚಳಿ ಭಾಳ ಅದ ಇವತ್ತ. ಆ ಕೌದಿ ಇತ್ತಾಗ ಕೊಡ್ರೆವ್ವಾ, ಕಾಲಮ್ಯಾಲ ಹಾಕ್ಕೋತೀನಿ.”

“ಚಾದರ ತರ್ತೀನ್ರಿ ಆಯಿ,” ಎಂದು ಅವ್ವ ಎದ್ದಳು.

“ಚಾದರ ಯಾಕ? ಕೌದಿ ಇಲ್ಲೇ ಅದಲ್ಲ.”

“ಅದು... ಚಂದ ಕಾಣಲಿ ಅಂತ ಹಾಕೇವ್ರಿ,” ಎಂದೆ.

ಮುದುಕಿ ನೆಲಕ್ಕೆ ಕೈಯೂರಿ ಎದ್ದಳು. ಗೋಡೆಯ ಹತ್ತಿರ ಹೋಗಿ ಕೌದಿಯ ನಡುವಿನ ಚೌಕವನ್ನು ಬೆರಳಿನಿಂದ ಒತ್ತಿ ನೋಡಿದಳು. ನಮ್ಮಲ್ಲಿ ಕೌದಿಯ ಕೊನೆಯ ತುಂಡು ಹೊಲಿಯುವಾಗ ಒಳಗೆ ಒಂದು ಚೂರು ರೊಟ್ಟಿ ಇಡುತ್ತಾರೆ, ಕೌದಿ ಹಸಿದಿರಬಾರದು ಅಂತ. ಅದು ಇದೆಯೋ ಇಲ್ಲವೋ ಎಂದು ಅವಳು ಹುಡುಕಿದಳು. “ಉಣಿಸೇ ಹೊಲದಾರ. ಚಲೋ ಕೈ,” ಎಂದಳು. ಆಮೇಲೆ ನಮ್ಮ ಕಡೆ ತಿರುಗಿದಳು.

“ಕೌದಿ ಮನಷ್ಯಾರಿಗಿ ಹೊಚ್ಚೂದು. ಗ್ವಾಡಿಗಿ ಯಾಕ ಹೊಚ್ಚೀರಿ?”

ಅವಳು ಒಂದು ಅಂಚು ಹಿಡಿದು ಎಳೆದಳು. ಬಿದಿರು ಗೂಟದಿಂದ ಜಾರಿ ಟಣ್ಣನೆ ನೆಲಕ್ಕೆ ಬಿತ್ತು. ಕೌದಿ ಗೋಡೆಯನ್ನು ತೀಡಿಕೊಂಡು ಇಳಿಯಿತು, ಅದರ ಜೊತೆ ಎದ್ದು ನಿಂತಿದ್ದ ಬಿಳಿ ಹಪ್ಪಳಗಳೆಲ್ಲ ಪರಪರ ಉದುರಿದವು. ಕೆಂಪು ಅಕ್ಷರಗಳು ನಿನ್ನೆ ಬರೆದಂತೆ ಹೊಳೆಯುತ್ತಿದ್ದವು. ಅಪ್ಪ ಕೇಳಿ ಬರೆಸಿದ್ದ ಗಟ್ಟಿ ಬಣ್ಣ.

ಹುಡುಗನ ತಂದೆ ಕನ್ನಡಕ ಏರಿಸಿ, ಗಟ್ಟಿಯಾಗಿ ಎರಡೂ ಹೆಸರು ಓದಿದರು, ನನ್ನ ಪಾಠದ ಮಕ್ಕಳ ಹಾಗೆಯೇ. ಓದಿ, “ಇದು ಯಾರದ್ರಿ? ಬಳದದ್ದ್ಯಾಕ?” ಎಂದರು.

“ಸುಣ್ಣ ಹಳೀದಾಗಿತ್ರಿ, ಅದಕ್ಕ...” ಎಂದು ಅವ್ವ ಶುರುಮಾಡಿದಳು. ಅಪ್ಪ ಕೆಮ್ಮಿದ. ತಂಗಿ ತಲೆ ಎತ್ತಿ ನನ್ನನ್ನು ನೋಡಿದಳು. ನನ್ನ ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೆಂದರೆ ಕೊರಳಿನ ತಾಳಿ ಅಲುಗುತ್ತಿದ್ದದ್ದು ನನಗೇ ಕಾಣುತ್ತಿತ್ತು. ಸುಮ್ಮನಿದ್ದಿದ್ದರೆ ಅವ್ವ ಇನ್ನೊಂದು ಸುಳ್ಳು ಹೆಣೆಯುತ್ತಿದ್ದಳು, ಅವರು ನಂಬಿದರೂ ನಂಬುತ್ತಿದ್ದರು. ಆಮೇಲೆ ತಂಗಿ ಆ ಮನೆಯಲ್ಲಿ ದಿನವೂ ಆ ಸುಳ್ಳನ್ನು ಕಾಯಬೇಕಾಗುತ್ತಿತ್ತು.

“ಅದು ನನ್ನ ಹೆಸರ್ರಿ,” ಎಂದೆ. “ಬಳದಾಕೀನೂ ನಾನ. ಆರು ವರ್ಷ ಆಗಾಕ ಬಂತು, ಗಂಡನ ಮನಿ ಬಿಟ್ಟು ಬಂದೀನಿ. ಕೋರ್ಟಿನಾಗ ಎಲ್ಲಾ ಮುಗದದ.”

ಮುದುಕಿ ನನ್ನ ಕೊರಳು ನೋಡಿದಳು. “ಮತ್ತ ಇದು?”

“ಇದು ಇವತ್ತಿಗಷ್ಟ ಹಾಕ್ಕೊಂಡೀನ್ರಿ.”

“ಯಾಕ ಬಿಟ್ಟಿ?”

“ಹೊರಗಿಂದ ಕೀಲಿ ಹಾಕ್ಕೊಂಡು ಹೋಗ್ತಿದ್ದರ್ರಿ. ದಿನಾಲೂ.”

ಮುದುಕಿ ಕೌದಿ ಮಡಿಚಿ ಚಾಪೆಯ ಮೇಲೆ ಇಟ್ಟಳು. ಸ್ವಲ್ಪ ಹೊತ್ತಿಗೆ ಎಲ್ಲರೂ ಎದ್ದರು. “ಮಾತಾಡಿ ತಿಳಸ್ತೀವ್ರಿ,” ಎಂದರು ಹುಡುಗನ ತಂದೆ. ಸಜ್ಜಕದ ತಾಟು ಹಾಗೆಯೇ ಇತ್ತು, ಮೇಲೆ ಎರಡು ಬಿಳಿ ಚಕ್ಕೆ ಬಿದ್ದಿದ್ದವು.

ಅವರ ಗಾಡಿ ತಿರುವು ದಾಟುವ ತನಕ ಅವ್ವ ತಡೆದಳು. ಆಮೇಲೆ, “ನೀನಂತೂ ಬಾಳೇ ಮಾಡ್ಲಿಲ್ಲ, ಅಕೀದೂ ಉಳಸಲಿಲ್ಲ,” ಎಂದಳು. ನಾನು ತಾಳಿ ತೆಗೆದು ಅವಳ ಕೈಗೆ ಕೊಟ್ಟು ನೆಲ ಗುಡಿಸಿದೆ. ತಾನು ಕೆಟ್ಟ ಕೋತಿ ವನ ಕೆಡಿಸಿತು ಎಂಬ ಗಾದೆಯನ್ನು ನಾನೇ ಎಷ್ಟು ಸಲ ಮಕ್ಕಳಿಗೆ ಬರೆಸಿದ್ದೇನೆ.

ಒಂಬತ್ತು ದಿನ ಫೋನು ಬರಲಿಲ್ಲ. ಆ ದಿನಗಳ ಬಗ್ಗೆ ಬರೆಯಲು ಈಗಲೂ ಕೈ ಬರುವುದಿಲ್ಲ. ಅಪ್ಪನ ಮೊಬೈಲು ಗುಂಯ್ ಎಂದರೆ ಮೂರೂ ಹೆಂಗಸರು ಮೂರು ಕೋಣೆಯಿಂದ ಹೊರಬರುತ್ತಿದ್ದೆವು. ಬ್ಯಾಂಕಿನ ಸಂದೇಶ ಎಂದು ಅಪ್ಪ ತಲೆಯಾಡಿಸಿದರೆ ಮರಳಿ ಒಳಗೆ. ಗೋಡೆಗೆ ಕೌದಿಯನ್ನು ಮತ್ತೆ ಹಾಕಲಿಲ್ಲ. ಇನ್ನು ಮುಚ್ಚುವುದು ಯಾರಿಂದ? ನಾನು ಅದರ ಎದುರಿಗೆ ಕುಳಿತು ನೋಟುಬುಕ್ಕು ತಿದ್ದುತ್ತಿದ್ದೆ, ಒಂದೇ ಪುಟವನ್ನು ಎರಡು ಸಲ. ಒಂದು ಸಂಜೆ ತಂಗಿ ಮಗ್ಗುಲಲ್ಲಿ ಬಂದು ಕುಳಿತಳು. “ನೀ ಹೇಳಲಿಲ್ಲ ಅಂದಿದ್ರ ನಾ ಹೇಳ್ತಿದ್ದೆ,” ಎಂದಳು. ಸಮಾಧಾನಕ್ಕೆ ಅಂದಳೋ ಖರೇನೋ ತಿಳಿಯಲಿಲ್ಲ. ಅವಳು ಆ ಹುಡುಗನ ಫೋಟೊವನ್ನು ಮೊಬೈಲಿನಿಂದ ತೆಗೆದಿರಲಿಲ್ಲ ಎಂಬುದು ಮಾತ್ರ ನನಗೆ ಗೊತ್ತಿತ್ತು. ಅದೇ ನನ್ನನ್ನು ಹೆಚ್ಚು ಸುಡುತ್ತಿತ್ತು.

ಹತ್ತನೆಯ ದಿನ ಫೋನು ಬಂತು. ಮನೆ ನೋಡಲು ಬನ್ನಿ ಎಂದರು. ನಮ್ಮಲ್ಲಿ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಿ ಬಂದ ಮೇಲೆಯೇ ಮಾತು ಗಟ್ಟಿ. ಅಪ್ಪ “ಹೌದ್ರಿ, ಹೌದ್ರಿ,” ಎನ್ನುತ್ತ ನಿಂತೇ ಇದ್ದ. ಆಮೇಲೆ ಮೊಬೈಲಿನ ಮೇಲೆ ಕೈಮುಚ್ಚಿ ನನ್ನ ಕಡೆ ನೋಡಿದ.

“ಅವರ ಆಯಿ ಹೇಳ್ಯಾಳಂತ. ದೊಡ್ಡಾಕಿನ್ನ ಬಿಟ್ಟು ಬರಬ್ಯಾಡ್ರಿ ಅಂತ.”

ನನ್ನಂಥವರನ್ನು ಯಾರೂ ಇಂಥ ಕೆಲಸಕ್ಕೆ ಕರೆಯುವುದಿಲ್ಲ. ಬಸುರಿಯ ಕುಬಸಕ್ಕೆ ಹಿಂದೆ ನಿಲ್ಲಿಸುತ್ತಾರೆ, ಮದುವೆಯಲ್ಲಿ ಅಡುಗೆಯ ಕಡೆ ಕಳಿಸುತ್ತಾರೆ. ಕರೆದು ಏನಾದರೂ ಅವಮಾನ ಮಾಡುತ್ತಾರೇನೋ ಎಂದು ದಾರಿಯುದ್ದಕ್ಕೂ ಅಂಜಿದೆ. ಯಾದಗಿರಿಯ ಬಸ್ ನಿಲ್ದಾಣ ದಾಟುವಾಗ ಹಳೆಯ ಓಣಿಯ ಕಡೆ ಮುಖ ತಿರುಗಿಸಲಿಲ್ಲ.

ಮುದನಾಳದ ಮನೆಯಲ್ಲಿ ಎಲ್ಲರೂ ಕುಳಿತು ಚಹಾ ಕುಡಿಯುವಾಗ ಮುದುಕಿ ನನ್ನ ತೋಳು ಹಿಡಿದು ಎಬ್ಬಿಸಿದಳು. ತಲೆಬಾಗಿಲು, ಹಿತ್ತಲ ಬಾಗಿಲು, ಮೊಮ್ಮಗನಿಗೂ ಬರುವ ಸೊಸೆಗೂ ಎಂದು ಹೊಸದಾಗಿ ಕಟ್ಟಿಸಿದ ಕೋಣೆಯ ಬಾಗಿಲು, ಒಂದೊಂದರ ಎದುರಿಗೂ ನಿಲ್ಲಿಸಿದಳು.

“ನೋಡ್ಕೋ. ನಿಮ್ಮವ್ವ ಕಣಜ ನೋಡ್ತಾಳ, ನಿಮ್ಮಪ್ಪ ಹೊಲ ನೋಡ್ತಾನ. ಏನ್ ನೋಡಬೇಕಂತ ನಿನಗ ಗೊತ್ತದ. ಚಲೋತ್ನಾಗಿ ನೋಡು. ಏನರೆ ಸೇರಲಿಲ್ಲ ಅಂದ್ರ ಇಲ್ಲೇ ಹೇಳು, ಮದಿವಿ ಆದಮ್ಯಾಲ ಹೇಳಬ್ಯಾಡ.”

ನಾನು ನೋಡಿದೆ. ನಾಚಿಕೆ ಬಿಟ್ಟು ನೋಡಿದೆ. ಚಿಲಕ ಎಳೆದೆ, ಕೀಲಿಕೈ ಎಷ್ಟಿವೆ ಎಂದು ಕೇಳಿದೆ, ಯಾರ ಹತ್ತಿರ ಇರುತ್ತವೆ ಎಂದು ಕೇಳಿದೆ. ಹುಡುಗನನ್ನೇ ಕರೆದು, ನಮ್ಮ ತಂಗಿ ಡಿ.ಎಡ್ ಮಾಡಿದ್ದಾಳೆ, ಶಾಲೆಗೆ ಹೋಗುತ್ತೇನೆ ಎಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. “ಬೈಕಿನ ಮ್ಯಾಲ ಬಿಡ್ತೀನ್ರಿ. ಇಲ್ಲಾ ಅಕೀನ ಗಾಡಿ ನಡಸೂದು ಕಲಿತಾಳ,” ಎಂದ. ಅವನ ಕಿವಿ ಕೆಂಪಗಾಗಿದ್ದವು. ಒಳಗಿನಿಂದ ಅಪ್ಪ ಸಂಕಟದಿಂದ ಕೆಮ್ಮುವುದು ಕೇಳಿಸಿತು. ಕೆಮ್ಮಲಿ ಎಂದುಕೊಂಡೆ. ಸೇರಲಾರದ್ದು ಏನೂ ಸಿಗಲಿಲ್ಲ. ಆದರೂ ನನ್ನ ಅಂಜಿಕೆ ಹೋಗಲಿಲ್ಲ. ಯಾದಗಿರಿಯ ಆ ಮನೆಯ ಬಾಗಿಲೂ ಮೊದಲ ಸಲ ನೋಡಿದಾಗ ಚಲೋದೇ ಇತ್ತು. ಅದನ್ನೂ ಹೇಳಿದೆ. ಮುದುಕಿ, “ಹೌದು, ಅದು ಹಂಗ. ಬಂದು ಹೋಗಿ ಮಾಡು,” ಎಂದಳು. ಆ ದಿನ ಅವರ ಮನೆಯಲ್ಲಿ ಸಜ್ಜಕ ತಿಂದು ಬಂದೆವು.

ಮದುವೆಗೆ ಮುಂಚೆ ಪೇಂಟರ್ ಮಾಮಾ ಸುರಪುರದಿಂದ ಮತ್ತೆ ಬಂದ. ಗಡ್ಡ ಬೆಳ್ಳಗಾಗಿತ್ತು. ಪಾಲಿಶ್ ಕಾಗದದಿಂದ ಒಂದು ದಿನವೆಲ್ಲ ತಿಕ್ಕಿ ಹಳೆಯ ಬರಹ ತೆಗೆದ, ಗಿಲಾವು ಸಹ ಅಲ್ಲಲ್ಲಿ ಎದ್ದು ಬಂತು. “ಬೇಟಿ, ನಿನ್ನ ಹೆಸರು ಪೂರಾ ಹೋಗವಲ್ದು. ಸ್ವಲ್ಪ ಉಬ್ಬು ಉಳೀತದ,” ಎಂದ. ಉಳಿಯಲಿ ಬಿಡಿ ಎಂದೆ. ಸುಣ್ಣ ಬಳಿದು, ಗಿಳಿ ಬರೆದು, ಹೆಸರಿಗೆ ಬಂದಾಗ ಯಾವ ಬಣ್ಣ ಎಂದು ಕೇಳಿದ. ಅಪ್ಪ ನನ್ನ ಕಡೆ ನೋಡಿದ.

“ನೀರಿನ ಬಣ್ಣ,” ಎಂದೆ.

“ಜಲ್ದಿ ಮಾಸ್ತದ ನೋಡು.”

“ಮಾಸಲಿ ಮಾಮಾ. ಬೇಕಾದಾಗ ಒಂದು ಹಸಿ ಅರಿವಿಲೆ ಒರೆಸಿದ್ರ ಹೋಗಬೇಕು.”

ತಂಗಿ ಅಲ್ಲೇ ನಿಂತಿದ್ದಳು. ಮದುವಣಗಿತ್ತಿಯ ಎದುರಿಗೆ ಆಡುವ ಮಾತೇ ಅದು? ಅವ್ವ ನೆಟಿಗೆ ಮುರಿದು, “ಬಿಡ್ತು ಅನ್ನ,” ಎಂದಳು. ತಂಗಿ ಮಾತ್ರ ಸಿಟ್ಟಾಗಲಿಲ್ಲ. ಬಣ್ಣದ ಬಟ್ಟಲನ್ನು ತಾನೇ ಎತ್ತಿ ಮಾಮಾನ ಕೈಗೆ ಕೊಟ್ಟಳು.

ಅದಕ್ಕೆ ಈಗ ಎರಡು ವರ್ಷ. ನೀರಿನ ಬಣ್ಣ ಮಾಮಾ ಹೇಳಿದ್ದಕ್ಕಿಂತ ಬೇಗ ಮಾಸುತ್ತದೆ. ಬಾಗಿಲಿನಿಂದ ಬೀಳುವ ಬಿಸಿಲಿಗೆ ತಂಗಿಯ ಹೆಸರು ಮೊದಲು ತೆಳುವಾಗುತ್ತದೆ, ಅದರ ಕೆಳಗೆ ನನ್ನ ಹೆಸರಿನ ಉಬ್ಬು ಮುಂಜಾನೆ ಹೊತ್ತು ಸ್ವಲ್ಪ ಕಾಣುತ್ತದೆ. ಅಳಿಸಲು ಸುಲಭವಾಗಲಿ ಎಂದು ಬರೆಸಿದವಳೇ ನಾನು. ಅಕ್ಷರ ಮಂಕಾದರೆ ಅಂಜುವವಳೂ ನಾನೇ. ಅದಕ್ಕೇ ಅಕ್ಷರ ತಿದ್ದಲು ಒಂದು ಸಣ್ಣ ಬ್ರಷ್, ಒಂದು ಪೊಟ್ಟಣ ಕೆಂಪು ಬಣ್ಣ ನನ್ನ ಶಾಲೆಯ ಚೀಲದಲ್ಲೇ ಇರುತ್ತವೆ. ಆದರೆ ತಂಗಿ ಬರುವ ಮುಂಚೆ ಮುಟ್ಟುವುದಿಲ್ಲ.

ಅವಳು ಹಬ್ಬಕ್ಕೆ ಬರುತ್ತಾಳೆ. ಮೊದಲ ಸಲ ಬ್ಯಾಗು ಇಳಿಸುವ ಮೊದಲೇ ನಾನು ಕೇಳಿದ್ದೆ, “ಕೀಲಿಕೈ ಯಾರ ಹತ್ರ ಅದ?” ಈಗ ಕೇಳುವುದೇ ಬೇಕಾಗಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಲೇ ಸೊಂಟದಲ್ಲಿ ಸಿಕ್ಕಿಸಿದ ಕೀಲಿಕೈ ಗೊಂಚಲು ತೆಗೆದು ನನ್ನ ಮುಖದ ಎದುರಿಗೆ ಝಣಝಣ ಅಲ್ಲಾಡಿಸುತ್ತಾಳೆ. ನಾನು ಒಂದೊಂದೇ ಎಣಿಸುತ್ತೇನೆ. ತಲೆಬಾಗಿಲು, ಹಿತ್ತಲು, ಕೋಣೆ. ಮೂರೂ ಇದ್ದರೆ ಬಣ್ಣ ಕಲಸಲು ನೀರು ತರುತ್ತೇನೆ.